ಓದುಗರ ಪ್ರಶ್ನೆ, ನಮ್ಮ ಉತ್ತರ: ಸೂಪರ್‌ಹೀರೋ ಕಥೆಗಳಲ್ಲಿ ರಾಜಕೀಯಕ್ಕೆ ಏನು ಕೆಲಸ?

ಮಕ್ಕಳ ರಜೆಯ ಓದಿನ ಬಗ್ಗೆ ಹಿಂದೊಮ್ಮೆ ಇದೇ ಅಂಕಣದಲ್ಲಿ ಬರೆದಾಗ ಕಾಮಿಕ್ಸ್ ಪುಸ್ತಕಗಳ ಪ್ರಸ್ತಾಪವೂ ಬಂದಿತ್ತು. ಅದನ್ನು ಓದಿದ ಉತ್ತರ ಕನ್ನಡ ಜಿಲ್ಲೆಯ ಕೆಲವರು ಬರೆದ ಪತ್ರಗಳು ಬೇರೆಬೇರೆ ಊರಿನಿಂದ ಬಂದಿದ್ದರೂ ಒಂದೇ ಸಂದೇಹದ ಸುತ್ತ ತಿರುಗುತ್ತಿರುವುದರಿಂದ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ನಾನು ಶಿರಸಿಯ ಹತ್ತಿರದ ಹಳ್ಳಿಯವನು, ನಿವೃತ್ತ ಶಿಕ್ಷಕ. ಇಂದ್ರಜಾಲ ಕಾಮಿಕ್ಸ್‌ನಲ್ಲಿ ಬರುತ್ತಿದ್ದ ಫ್ಯಾಂಟಮ್ ಕಥೆಗಳನ್ನು ಓದಿ ಬೆಳೆದವನು. ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗನ ಚೀಲದಲ್ಲಿದ್ದ ಪುಸ್ತಕಗಳನ್ನು ಕುತೂಹಲದಿಂದ ತೆಗೆದು ನೋಡಿದೆ. ಒಂದರಲ್ಲಿ ಸೂಪರ್‌ಮ್ಯಾನ್ ತನ್ನ ಅಮೆರಿಕದ ಪೌರತ್ವವನ್ನೇ ಬಿಟ್ಟುಬಿಡುತ್ತೇನೆ ಎನ್ನುತ್ತಾನೆ. ಇನ್ನೊಂದರಲ್ಲಿ ಸರ್ಕಾರವು ಹೀರೋಗಳ ನೋಂದಣಿಗೆ ಕಾಯ್ದೆ ತರುತ್ತದೆ, ಒಪ್ಪಿದವರೂ ಒಪ್ಪದವರೂ ಪರಸ್ಪರ ಹೊಡೆದಾಡುತ್ತಾರೆ. ನಮ್ಮ ಕಾಲದ ಕಥೆಗಳಲ್ಲಿ ಕಳ್ಳರಿದ್ದರು, ಕಳ್ಳರನ್ನು ಹಿಡಿಯುವವನಿದ್ದ, ಅಷ್ಟೇ. ಪತ್ರಿಕೆ, ಟಿವಿ, ಮದುವೆಮನೆಯ ಪಂಕ್ತಿ ಎಲ್ಲವನ್ನೂ ಆವರಿಸಿಕೊಂಡಿರುವ ರಾಜಕೀಯವು ಮಕ್ಕಳ ಈ ಪುಸ್ತಕವೊಂದನ್ನಾದರೂ ಬಿಡಬಾರದಿತ್ತೇ?

ಉತ್ತರ: ತಮ್ಮ ಬೇಸರ ಸಹಜವಾದದ್ದೇ. ಆದರೆ ಹಿಂದಿನ ಕಥೆಗಳಲ್ಲಿ ರಾಜಕೀಯವಿರಲಿಲ್ಲ ಎಂಬ ಮಾತನ್ನು ಒಪ್ಪಲು ನಮಗೆ ಕಷ್ಟವಾಗುತ್ತದೆ. ತಾವು ಮೆಚ್ಚಿದ ಫ್ಯಾಂಟಮ್‌ನನ್ನೇ ತೆಗೆದುಕೊಳ್ಳೋಣ. ಲೀ ಫಾಕ್ ಅವರು 1936ರಲ್ಲಿ ಸೃಷ್ಟಿಸಿದ ಈ ಮುಖವಾಡದ ವೀರನನ್ನು ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯು 1964ರಲ್ಲಿ ಆರಂಭಿಸಿದ ಇಂದ್ರಜಾಲ ಕಾಮಿಕ್ಸ್ ಮೂಲಕ ನಮ್ಮ ಓದುಗರಿಗೆ ತಲುಪಿಸಿತು. ಮೂಲದಲ್ಲಿ ಅವನ ನಾಡಿಗೆ ‘ಬೆಂಗಾಲಿ’ ಎಂಬ ಹೆಸರಿತ್ತು, ಅವನ ವಂಶದ ಹಗೆಗಳಾದ ಕಡಲ್ಗಳ್ಳರು ‘ಸಿಂಗ್’ ಎನಿಸಿಕೊಂಡಿದ್ದರು, ತಂದೆಯನ್ನು ಕೊಂದವನ ಹೆಸರು ‘ರಾಮ’ ಎಂದಿತ್ತು. ಭಾರತದ ಆವೃತ್ತಿಯಲ್ಲಿ ಬೆಂಗಾಲಿಯು ‘ಡೆಂಕಾಲಿ’ಯಾಯಿತು, ಸಿಂಗ್ ಎಂಬುದು ‘ಸಿಂಗ’ ಆಯಿತು, ರಾಮನು ‘ರಾಮಲು’ ಆದ. ಯಾರ ಮನಸ್ಸಿಗೆ ನೋವಾದೀತು, ಯಾವ ಪ್ರಾಂತದವರು ಸಿಟ್ಟಾದಾರು ಎಂದು ಲೆಕ್ಕ ಹಾಕಿ ಮಾಡಿದ ಈ ತಿದ್ದುಪಡಿಗಳು ರಾಜಕೀಯ ತೀರ್ಮಾನಗಳೇ ಆಗಿದ್ದವು. ಓದುವ ಹುಡುಗರಿಗೆ ಅದು ಕಾಣದಂತೆ ನಡೆದಿತ್ತು, ಅಷ್ಟೇ ವ್ಯತ್ಯಾಸ. ಇನ್ನು ತಲೆಬುರುಡೆಯ ಸಿಂಹಾಸನದ ಮೇಲೆ ಕುಳಿತ ಬಿಳಿಯನೊಬ್ಬ ತಲೆಮಾರುಗಳಿಂದ ಕಾಡಿನ ಜನರಿಗೆ ನ್ಯಾಯ ಹೇಳಿಕೊಂಡು ಬಂದಿದ್ದಾನೆ ಎಂಬ ಕಲ್ಪನೆಯು ವಸಾಹತು ಆಳ್ವಿಕೆಯ ಕಾಲಕ್ಕೆ ಮಾತ್ರ ಹೊಳೆಯಬಹುದಾದದ್ದು. ಫಾಕ್ ಅವರ ಮುಂದಿನ ಕಥೆಗಳಲ್ಲಿ ಅದೇ ನಾಡಿಗೆ ಚುನಾವಣೆ ಬಂದು, ಲಮಾಂಡಾ ಲುವಾಗಾ ಎಂಬ ಅಲ್ಲಿಯದೇ ವೈದ್ಯನು ಅಧ್ಯಕ್ಷನಾದುದನ್ನೂ ತಾವು ಓದಿರಬಹುದು. ಆಫ್ರಿಕದ ದೇಶಗಳು ಒಂದೊಂದಾಗಿ ಸ್ವತಂತ್ರವಾದ ಕಾಲದ ಕಥೆಗಳವು.

ಸೂಪರ್‌ಮ್ಯಾನ್‌ನ ಹುಟ್ಟು ಇನ್ನೂ ಸ್ಪಷ್ಟವಾದ ಸಾಕ್ಷಿ. ಯೆಹೂದಿ ವಲಸಿಗರ ಮಕ್ಕಳಾದ ಜೆರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಕ್ಲೀವ್‌ಲ್ಯಾಂಡ್‌ನ ಇಬ್ಬರು ತರುಣರು ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ರೂಪಿಸಿದ ಆತ 1938ರ ಜೂನ್ ತಿಂಗಳ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಕಾಣಿಸಿಕೊಂಡ. ಆಗ ಅವನಿಗೆ ಬೇರೆ ಗ್ರಹದ ವೈರಿಗಳಿರಲಿಲ್ಲ. ಹೆಂಡತಿಯನ್ನು ಹೊಡೆಯುವ ಗಂಡನನ್ನು ಅವನು ಬಗ್ಗುಬಡಿಯುತ್ತಾನೆ, ನಿರಪರಾಧಿ ಹೆಂಗಸೊಬ್ಬಳನ್ನು ಮರಣದಂಡನೆಯಿಂದ ಉಳಿಸುತ್ತಾನೆ, ಕೊನೆಯ ಪುಟಗಳಲ್ಲಿ ವಾಷಿಂಗ್‌ಟನ್‌ಗೆ ಹೋಗಿ ಸೆನೆಟರ್ ಒಬ್ಬನನ್ನು ಒಳಗೆ ಹಾಕಿಕೊಂಡ ದಲ್ಲಾಳಿಯ ಬೆನ್ನು ಹತ್ತುತ್ತಾನೆ. ಮೂರನೆಯ ಸಂಚಿಕೆಯಲ್ಲಂತೂ ಸುರಕ್ಷತೆಯಿಲ್ಲದ ಗಣಿಯ ಮಾಲೀಕನನ್ನೂ ಅವನ ಔತಣದ ಅತಿಥಿಗಳನ್ನೂ ಅದೇ ಗಣಿಯೊಳಗೆ ಸಿಲುಕಿಸಿ, ಕಾರ್ಮಿಕರ ಪಾಡೇನೆಂಬುದನ್ನು ಅವರ ಮೈಗೆ ತಟ್ಟಿಸುತ್ತಾನೆ. ಕ್ಯಾಪ್ಟನ್ ಅಮೆರಿಕ ಎಂಬ ಇನ್ನೊಬ್ಬ ಹೀರೋ ಹಿಟ್ಲರ್‌ನ ದವಡೆಗೆ ಗುದ್ದುವ ಮುಖಪುಟದ ಸಂಚಿಕೆಯು 1940ರ ಡಿಸೆಂಬರ್‌ನಲ್ಲೇ ಅಂಗಡಿಗೆ ಬಂದಿತ್ತು. ಅಮೆರಿಕ ಯುದ್ಧಕ್ಕಿಳಿಯಲು ಆಗ ಇನ್ನೂ ಒಂದು ವರ್ಷವಿತ್ತು, ಆ ದೇಶದಲ್ಲಿ ಯುದ್ಧವೇ ಬೇಡವೆನ್ನುವವರ ದನಿ ಜೋರಾಗಿತ್ತು. ಅದನ್ನು ರಚಿಸಿದ ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ ಅವರ ಕಚೇರಿಗೆ ಬೆದರಿಕೆಗಳು ಬಂದು, ನ್ಯೂಯಾರ್ಕ್ ಮೇಯರ್ ಲಾ ಗಾರ್ಡಿಯಾ ಅವರೇ ದೂರವಾಣಿಯಲ್ಲಿ ರಕ್ಷಣೆಯ ಭರವಸೆ ಕೊಟ್ಟರೆಂದು ಸೈಮನ್ ನೆನಪಿಸಿಕೊಂಡಿದ್ದಾರೆ.

ಹಾಗೆಂದು ರಾಜಕೀಯ ಬೆರೆತದ್ದೆಲ್ಲ ಒಳ್ಳೆಯದೇ ಎಂದು ನಾವು ವಾದಿಸುವುದಿಲ್ಲ. ಯುದ್ಧದ ದಿನಗಳಲ್ಲಿ ಇದೇ ಸೂಪರ್‌ಮ್ಯಾನ್‌ನ ಮುಖಪುಟವೊಂದು ಯುದ್ಧಬಾಂಡ್ ಮಾರುವ ನೆಪದಲ್ಲಿ ಜಪಾನೀಯರನ್ನು ಅವಹೇಳನದ ಹೆಸರಿನಿಂದ ಕರೆದು, ಕಪಾಳಕ್ಕೆ ಹೊಡೆಯಿರಿ ಎಂದು ಮಕ್ಕಳಿಗೆ ಹೇಳಿತು. 1954ರಲ್ಲಿ ಕ್ಯಾಪ್ಟನ್ ಅಮೆರಿಕನನ್ನು ಕಮ್ಯುನಿಸ್ಟರನ್ನು ಸದೆಬಡಿಯುವವನೆಂಬ ಬಿರುದು ಕೊಟ್ಟು ಮತ್ತೆ ತಂದಾಗ ಅದು ಮೂರು ಸಂಚಿಕೆಗಳಲ್ಲೇ ನಿಂತುಹೋಯಿತು. ಸ್ವಾರಸ್ಯದ ಸಂಗತಿಯೆಂದರೆ, 1972ರಲ್ಲಿ ಸ್ಟೀವ್ ಎಂಗಲ್‌ಹಾರ್ಟ್ ಎಂಬ ಲೇಖಕರು ಆ ಐವತ್ತರ ದಶಕದ ಮನುಷ್ಯ ನಿಜವಾದ ಕ್ಯಾಪ್ಟನ್ ಅಲ್ಲ, ಅವನ ವೇಷ ತೊಟ್ಟು ಬುದ್ಧಿಭ್ರಮಣೆಗೊಳಗಾದ ಬೇರೊಬ್ಬ ಎಂದು ಕಥೆ ಕಟ್ಟಿದರು. ಪ್ರಕಾಶಕರು ತಮ್ಮ ಹಳೆಯ ಅತಿರೇಕಕ್ಕೆ ಕಥೆಯೊಳಗೇ ಪ್ರಾಯಶ್ಚಿತ್ತ ಮಾಡಿಕೊಂಡ ಇಂಥ ಉದಾಹರಣೆಗಳು ಅಪರೂಪ.

ಹಾಗಾದರೆ ರಾಜಕೀಯ ಬೆರೆತ ಕಥೆಯೊಂದು ಗೆಲ್ಲುವುದೂ ಸೋಲುವುದೂ ಯಾವುದರಿಂದ? ಬರೆದವರು ಎಡವೋ ಬಲವೋ ಎಂಬುದಕ್ಕಿಂತ, ಹೀರೋನ ತೋಳ್ಬಲವನ್ನು ಅವರು ಏನು ಮಾಡಿದರು ಎಂಬುದೇ ಇಲ್ಲಿ ಮುಖ್ಯ ಎಂದು ನಮಗೆ ತೋರುತ್ತದೆ. 1940ರ ಫೆಬ್ರುವರಿಯಲ್ಲಿ ‘ಲುಕ್’ ಎಂಬ ಅಮೆರಿಕದ ಪತ್ರಿಕೆ, ಸೂಪರ್‌ಮ್ಯಾನ್ ಯುದ್ಧವನ್ನು ಹೇಗೆ ನಿಲ್ಲಿಸುತ್ತಿದ್ದ ಎಂಬ ಎರಡೇ ಪುಟಗಳ ಕಥೆಯನ್ನು ಸೀಗಲ್ ಮತ್ತು ಶುಸ್ಟರ್ ಅವರಿಂದ ಬರೆಸಿತು. ಅವನು ಹಿಟ್ಲರ್ ಮತ್ತು ಸ್ಟಾಲಿನ್ ಇಬ್ಬರನ್ನೂ ಕುತ್ತಿಗೆ ಹಿಡಿದು ಜಿನೀವಾದ ರಾಷ್ಟ್ರಸಂಘಕ್ಕೆ ಒಪ್ಪಿಸುತ್ತಾನೆ, ಯುದ್ಧ ಮುಗಿಯುತ್ತದೆ. ನಾಜಿಗಳ ಎಸ್‌ಎಸ್ ಪಡೆಯ ಪತ್ರಿಕೆ ಇದನ್ನು ಓದಿ ಸೀಗಲ್ ಅವರನ್ನು ಮೂದಲಿಸಿ ಬರೆಯಿತೆಂಬುದು ನಿಜವಾದರೂ, ಕಥೆಯಾಗಿ ಅದರಲ್ಲಿ ಏನೂ ಉಳಿದಿಲ್ಲ. (ಮರುವರ್ಷವೇ ಸ್ಟಾಲಿನ್ ಮಿತ್ರಪಕ್ಷದವರಾದರು, ಆ ಮಾತು ಬೇರೆ.) ಆದರೆ ಅಮೆರಿಕ ನಿಜವಾಗಿ ಯುದ್ಧಕ್ಕಿಳಿದು, ಮನೆಮನೆಯ ಹುಡುಗರು ರಣರಂಗಕ್ಕೆ ಹೊರಟಾಗ, ಇಷ್ಟು ಬಲಶಾಲಿಯಾದ ಸೂಪರ್‌ಮ್ಯಾನ್ ಏಕೆ ಹೋಗಿ ಒಂದೇ ದಿನದಲ್ಲಿ ಯುದ್ಧ ಮುಗಿಸಬಾರದು ಎಂಬ ಪ್ರಶ್ನೆ ಎದ್ದಿತು. 1942ರ ದಿನಪತ್ರಿಕೆಯ ಚಿತ್ರಪಟ್ಟಿಯಲ್ಲಿ ಅದಕ್ಕೆ ಕೊಟ್ಟ ಉತ್ತರ ಜಾಣತನದ್ದು. ಸೇನೆಗೆ ಸೇರಲು ಹೋದ ಕ್ಲಾರ್ಕ್ ಕೆಂಟ್ (ಸಾಮಾನ್ಯ ಮನುಷ್ಯನ ವೇಷದಲ್ಲಿ ಸೂಪರ್‌ಮ್ಯಾನ್‌ನ ಹೆಸರು ಇದು), ಗೋಡೆಯಾಚೆಗೂ ನೋಡಬಲ್ಲ ತನ್ನ ದೃಷ್ಟಿಯಿಂದ ಪಕ್ಕದ ಕೋಣೆಯಲ್ಲಿದ್ದ ಅಕ್ಷರಪಟ್ಟಿಯನ್ನು ಓದಿಬಿಟ್ಟು, ಕಣ್ಣಿನ ಪರೀಕ್ಷೆಯಲ್ಲೇ ಅನುತ್ತೀರ್ಣನಾಗುತ್ತಾನೆ! ಸಾಯುತ್ತಿರುವ ಸೈನಿಕರ ಕೆಲಸವನ್ನು ಬಣ್ಣದ ಚಡ್ಡಿಯವನೊಬ್ಬ ಎರಡು ಪುಟಗಳಲ್ಲಿ ಮುಗಿಸಿದರೆ ಅದು ಆ ಸೈನಿಕರಿಗೆ ಮಾಡಿದ ಅವಮಾನವಾಗುತ್ತಿತ್ತು.

ಮುಂದಿನ ಒಳ್ಳೆಯ ಕಥೆಗಳೆಲ್ಲವೂ ತೋಳ್ಬಲ ಕೆಲಸಕ್ಕೆ ಬಾರದ ಜಾಗವನ್ನೇ ಹುಡುಕಿಕೊಂಡು ಹೋದವು. ಡೆನಿಸ್ ಓನೀಲ್ ಬರೆದು ನೀಲ್ ಆ್ಯಡಮ್ಸ್ ಚಿತ್ರಿಸಿದ 1970ರ ಕಥೆಯಲ್ಲಿ ಗ್ರೀನ್ ಲ್ಯಾಂಟರ್ನ್ ಎಂಬ ಹೀರೋ ಬೀದಿಯಲ್ಲಿ ಏಟು ತಿನ್ನುತ್ತಿದ್ದ ಒಬ್ಬ ಸಭ್ಯಸ್ಥನನ್ನು ಉಳಿಸುತ್ತಾನೆ. ಆ ಸಭ್ಯಸ್ಥನಾದರೋ ಬಡವರನ್ನು ಒಕ್ಕಲೆಬ್ಬಿಸಲು ಹೊರಟ ಕಟ್ಟಡದ ಮಾಲೀಕ. ಆಗ ಕಪ್ಪು ವರ್ಣದ ಮುದುಕರೊಬ್ಬರು ಬಂದು, ಬೇರೆ ಗ್ರಹಗಳ ನೀಲಿ, ಕಿತ್ತಳೆ, ನೇರಳೆ ಬಣ್ಣದ ಜನರಿಗೆಲ್ಲ ನೀನು ನೆರವಾಗಿದ್ದೀಯಂತೆ, ನಿನ್ನದೇ ಊರಿನ ಕಪ್ಪು ಜನರಿಗೆ ಏನು ಮಾಡಿದೆ ಎಂದು ಕೇಳುತ್ತಾರೆ. ಬೆರಳಿನ ಉಂಗುರದಿಂದ ಏನನ್ನು ಬೇಕಾದರೂ ಸೃಷ್ಟಿಸಬಲ್ಲ ಹೀರೋ ತಲೆ ತಗ್ಗಿಸುತ್ತಾನೆ. 1974ರಲ್ಲಿ, ಅಧ್ಯಕ್ಷ ನಿಕ್ಸನ್ ಅವರನ್ನು ಸುತ್ತಿಕೊಂಡ ವಾಟರ್‌ಗೇಟ್ ಹಗರಣ ಉರಿಯುತ್ತಿದ್ದಾಗ, ಕ್ಯಾಪ್ಟನ್ ಅಮೆರಿಕ ರಹಸ್ಯ ಕೂಟವೊಂದರ ಮುಖಂಡನನ್ನು ಅಟ್ಟಿಸಿಕೊಂಡು ಶ್ವೇತಭವನದೊಳಗೇ ಹೋಗುತ್ತಾನೆ. ಮುಸುಕು ತೆಗೆದ ಆ ಮುಖಂಡ ಅಲ್ಲೇ ಗುಂಡು ಹಾರಿಸಿಕೊಂಡು ಸಾಯುತ್ತಾನೆ. ಮುಖವನ್ನು ಓದುಗರಿಗೆ ತೋರಿಸಿಲ್ಲವಾದರೂ ಅದು ಯಾರೆಂಬುದು ಎಲ್ಲರಿಗೂ ತಿಳಿಯುತ್ತಿತ್ತು. ಕ್ಯಾಪ್ಟನ್ ಮಾಡಿದ್ದು ಒಂದೇ ಕೆಲಸ: ಧ್ವಜದ ಬಣ್ಣದ ಆ ಉಡುಪನ್ನು ಕಳಚಿಟ್ಟು, ಕೆಲವು ಕಾಲ ಬೇರೆ ಹೆಸರಿನಲ್ಲಿ ಬದುಕಿದ್ದು.

ಈಗ ತಮ್ಮ ಮೊಮ್ಮಗನ ಪುಸ್ತಕಕ್ಕೆ ಬರೋಣ. ಪೌರತ್ವದ ಮಾತು ಬರುವುದು 2011ರ ‘ಆ್ಯಕ್ಷನ್ ಕಾಮಿಕ್ಸ್’ 900ನೆಯ ಸಂಚಿಕೆಯಲ್ಲಿರುವ ಒಂದು ಚಿಕ್ಕ ಕಥೆಯಲ್ಲಿ. ಅದರಲ್ಲಿ ಸೂಪರ್‌ಮ್ಯಾನ್ ಇರಾನಿನ ತೆಹ್ರಾನ್‌ನಲ್ಲಿ ಪ್ರತಿಭಟಿಸುತ್ತಿರುವ ಜನರ ನಡುವೆ ಒಂದು ಹಗಲು ಒಂದು ರಾತ್ರಿ ಮಾತಿಲ್ಲದೆ ನಿಲ್ಲುತ್ತಾನೆ, ಯಾರಿಗೂ ಒಂದು ಏಟನ್ನೂ ಹಾಕುವುದಿಲ್ಲ. ಅಲ್ಲಿನ ಸರ್ಕಾರ ಇದನ್ನು ಅಮೆರಿಕದ ಪಿತೂರಿ ಎಂದು ಕರೆದಾಗ, ತನ್ನ ನಡೆ ಯಾವ ದೇಶದ ಲೆಕ್ಕಕ್ಕೂ ಸೇರಬಾರದೆಂದು ಪೌರತ್ವ ಬಿಡುವ ಮಾತನ್ನಾಡುತ್ತಾನೆ. ಕೆಲವೇ ಪುಟಗಳಲ್ಲಿ ಮುಗಿಯುವ ಆ ಕಥೆ ಅವಸರದ್ದು ಎಂಬ ಆಕ್ಷೇಪಣೆಯನ್ನು ನಾವು ಒಪ್ಪುತ್ತೇವೆ. ಆದರೆ ಸತ್ಯಾಗ್ರಹದ ನಾಡಿನಲ್ಲಿ ಬೆಳೆದ ನಮಗೆ, ಸುಮ್ಮನೆ ನಿಂತುಕೊಳ್ಳುವುದೂ ಒಂದು ಕೆಲಸವೇ ಎಂಬುದನ್ನು ಅಮೆರಿಕದ ಹೀರೋ ಕಲಿತದ್ದು ಮೆಚ್ಚುಗೆಯಾಗಬೇಕು. 1930ರಲ್ಲಿ ಅಂಕೋಲೆಯ ಕಡಲತೀರದಲ್ಲಿ ಉಪ್ಪು ತಯಾರಿಸಿದವರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳುತ್ತಿರಲಿಲ್ಲ.

ನೋಂದಣಿ ಕಾಯ್ದೆಯ ಪುಸ್ತಕ, ಅಂದರೆ ಮಾರ್ವೆಲ್ ಸಂಸ್ಥೆಯ 2006ರ ‘ಸಿವಿಲ್ ವಾರ್’ ಬಗ್ಗೆ ತಮ್ಮ ಬೇಸರ ಹೆಚ್ಚು ನ್ಯಾಯವಾದದ್ದು. ಭದ್ರತೆಗಾಗಿ ಎಷ್ಟು ಸ್ವಾತಂತ್ರ್ಯವನ್ನು ಬಿಟ್ಟುಕೊಡಬಹುದು ಎಂಬ ಅದರ ಪ್ರಶ್ನೆ ದೊಡ್ಡದು. ಆದರೆ ವಾದವಾಗಿ ಬೆಳೆಯಬೇಕಾದದ್ದು ಅರ್ಧಕ್ಕೇ ಗುದ್ದಾಟವಾಗಿಬಿಡುತ್ತದೆ. ಮೊಮ್ಮಗನ ಜೊತೆ ಜಗಳವಾಡಲೇಬೇಕೆಂದಿದ್ದರೆ ಈ ಪುಸ್ತಕದ ಮೇಲೆ ಆಡಿ.

ಪ್ರಶ್ನೆ: ಹೊನ್ನಾವರದಿಂದ ಬರೆಯುತ್ತಿದ್ದೇನೆ. ತತ್ತ್ವದ ರಾಜಕೀಯವಿರಲಿ, ಬದುಕಿರುವ ನಾಯಕರನ್ನೇ ಹೆಸರು ಹೇಳಿ ಕಾಮಿಕ್ಸ್‌ನಲ್ಲಿ ತರುವುದು ಸರಿಯೇ?

ಉತ್ತರ: ತರಬಾರದೆಂಬ ನಿಯಮವೇನೂ ಇಲ್ಲ. ಬಹಳ ಸಲ ಅದು ವ್ಯಾಪಾರದ ಉಪಾಯ ಮಾತ್ರ. ಒಬಾಮ ಅವರು ಅಧಿಕಾರ ವಹಿಸಿಕೊಂಡ 2009ರ ಜನವರಿಯಲ್ಲಿ ಸ್ಪೈಡರ್‌ಮ್ಯಾನ್ ಜೊತೆ ಅವರಿದ್ದ ಮುಖಪುಟದ ಸಂಚಿಕೆ ಬಂದು, ಮತ್ತೆ ಮತ್ತೆ ಮುದ್ರಣವಾಯಿತು. ಒಳಗಿನ ಕಥೆಯಲ್ಲಿ ಒಬಾಮ ಅವರ ವೇಷ ತೊಟ್ಟ ಖಳನೊಬ್ಬನನ್ನು ಹಿಡಿಯುವುದರಾಚೆಗೆ ಏನೂ ಇಲ್ಲ. ಇದಕ್ಕೆ ಹೋಲಿಸಿದರೆ ಫ್ರ್ಯಾಂಕ್ ಮಿಲ್ಲರ್ ಅವರ 1986ರ ಬ್ಯಾಟ್‌ಮ್ಯಾನ್ ಕಥೆ ‘ದಿ ಡಾರ್ಕ್ ನೈಟ್ ರಿಟರ್ನ್ಸ್’ನಲ್ಲಿ ಬರುವ ಅಧ್ಯಕ್ಷನ ಮುಖ ಆಗಿನ ಅಮೆರಿಕದ ಅಧ್ಯಕ್ಷ ರೇಗನ್ ಅವರದ್ದೆಂದು ನೋಡಿದೊಡನೆ ತಿಳಿಯುತ್ತದೆ, ಅವನ ಅಪ್ಪಣೆಗೆ ತಲೆಬಾಗುವ ಸೂಪರ್‌ಮ್ಯಾನ್‌ನನ್ನು ಕಂಡು ನಗುವೂ ಮರುಕವೂ ಒಟ್ಟಿಗೇ ಬರುತ್ತವೆ. ಯಕ್ಷಗಾನದ ಹಾಸ್ಯಗಾರರು ಅರಮನೆಯ ದೂತನಾಗಿ ಬಂದು ನಿಮ್ಮೂರಿನ ರಸ್ತೆಯ ಹೊಂಡವನ್ನು ಆಡಿಕೊಂಡಾಗ ಯಾರ ಹೆಸರನ್ನೂ ಎತ್ತುವುದಿಲ್ಲ, ಆದರೂ ಎದುರಿನ ಸಾಲಿನಲ್ಲಿ ಕುಳಿತವರಿಗೆ ಮಾತು ತಟ್ಟುತ್ತದೆ. ಹೆಸರಿಲ್ಲದ ಚುಚ್ಚುಮಾತಿಗೆ ಆಯುಷ್ಯ ಹೆಚ್ಚು.

ಪ್ರಶ್ನೆ: ನಾನು ಕಾರವಾರದಲ್ಲಿ ಪದವಿ ಓದುತ್ತಿರುವ ವಿದ್ಯಾರ್ಥಿನಿ. ಕನ್ನಡದಲ್ಲಿ ಒಂದು ಸೂಪರ್‌ಹೀರೋ ಕಾಮಿಕ್ಸ್ ಬರೆಯುತ್ತಿದ್ದೇನೆ. ನಾಯಕಿ ಮೀನುಗಾರರ ಮನೆಯವಳು, ಸಮುದ್ರದ ಅಲೆಗಳನ್ನು ಎಬ್ಬಿಸಬಲ್ಲಳು. ನೌಕಾನೆಲೆಗಾಗಿ ಊರು ಬಿಟ್ಟ ಕುಟುಂಬಗಳ ಹಿನ್ನೆಲೆ ಅವಳಿಗಿದೆ. ಗೆಳತಿಯರು ರಾಜಕೀಯ ಬೇಡ, ಸಮುದ್ರದಿಂದ ಒಬ್ಬ ರಾಕ್ಷಸನನ್ನು ಎಬ್ಬಿಸು ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ರಾಕ್ಷಸನನ್ನು ಬಿಡಿ, ಹಿನ್ನೆಲೆಯನ್ನು ಉಳಿಸಿಕೊಳ್ಳಿ. ಆದರೆ ಅದನ್ನು ಉಳಿಸಿಕೊಳ್ಳುವುದು ರಾಕ್ಷಸನನ್ನು ಬರೆಯುವುದಕ್ಕಿಂತ ಕಷ್ಟವೆಂಬುದನ್ನು ಮೊದಲೇ ತಿಳಿದಿರಿ.

ಕಾರವಾರದ ನೌಕಾನೆಲೆಯ ‘ಸೀಬರ್ಡ್’ ಯೋಜನೆಗೆ 1986ರಲ್ಲಿ ಶಂಕುಸ್ಥಾಪನೆಯಾಯಿತು, ಐಎನ್‌ಎಸ್ ಕದಂಬ ನೆಲೆ 2005ರಲ್ಲಿ ಸೇವೆಗೆ ಸೇರಿತು. ಈ ನಡುವೆ ಕಾರವಾರ ಮತ್ತು ಅಂಕೋಲೆಯ ಕರಾವಳಿಯ ಊರುಗಳ ಜನರು ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಎಲ್ಲವನ್ನೂ ಬಿಟ್ಟು ಪುನರ್ವಸತಿ ಕಾಲೊನಿಗಳಿಗೆ ಬಂದರು. ಇಲ್ಲಿ ಖಳನಾಯಕ ಯಾರು? ಕಿಕ್ಕಿರಿದ ಮುಂಬಯಿ ಬಂದರನ್ನು ಬಿಟ್ಟು ಪಶ್ಚಿಮ ಕರಾವಳಿಯಲ್ಲಿ ನೌಕಾಪಡೆಗೆ ಇನ್ನೊಂದು ದೊಡ್ಡ ನೆಲೆ ಬೇಕೆಂದವರ ಮಾತು ಸುಳ್ಳಲ್ಲ. ಅಜ್ಜನ ಮನೆಯಿದ್ದ ಜಾಗಕ್ಕೆ ಇವತ್ತು ಪಾಸ್ ಇಲ್ಲದೆ ಕಾಲಿಡಲಾಗದು ಎನ್ನುವವರ ಸಂಕಟವೂ ಸುಳ್ಳಲ್ಲ. ಒಂದು ಕಡೆಯವರನ್ನು ದುಷ್ಟರನ್ನಾಗಿ ಚಿತ್ರಿಸಿದ ಕ್ಷಣವೇ ನಿಮ್ಮ ಕಥೆ ಭಿತ್ತಿಪತ್ರವಾಗಿಬಿಡುತ್ತದೆ. ಕೃಷ್ಣಸಂಧಾನದ ತಾಳಮದ್ದಳೆಯನ್ನು ಒಮ್ಮೆ ಕೂತು ಕೇಳಿ. ಕೌರವನ ಅರ್ಥ ಹೇಳುವವರು ಸೋಲಲೆಂದೇ ಬಂದು ಕುಳಿತಿರುವುದಿಲ್ಲ. ಐದು ಗ್ರಾಮಗಳನ್ನೂ ಏಕೆ ಕೊಡಲಾಗದು ಎಂಬುದಕ್ಕೆ ಅವರು ಒಡ್ಡುವ ವಾದವನ್ನು ಕೇಳಿದ ಮೇಲೆ ಕೃಷ್ಣನ ಪಾತ್ರಧಾರಿಯೂ ಒಂದು ಕ್ಷಣ ತಡವರಿಸಿದರೆ ಆ ರಾತ್ರಿಯ ಕೂಟ ಕಳೆಗಟ್ಟುತ್ತದೆ. ನಿಮ್ಮ ಭೂಸ್ವಾಧೀನಾಧಿಕಾರಿಯ ಬಾಯಿಗೂ ಅಷ್ಟೇ ಗಟ್ಟಿಯಾದ ಮಾತುಗಳನ್ನು ಕೊಡಿ.

ಎರಡನೆಯದು ನಾಯಕಿಯ ಶಕ್ತಿಯ ವಿಚಾರ. ಅಲೆ ಎಬ್ಬಿಸಿ ಬೇಲಿಯನ್ನು ಕೊಚ್ಚಿಸಿದರೆ ಮುಂದಿನ ಪುಟದಲ್ಲಿ ಏನಾಗುತ್ತದೆ ಎಂಬುದನ್ನು ಯೋಚಿಸಿದ್ದೀರಾ? ಅದೇ ಅಲೆಗೆ ದಂಡೆಯ ದೋಣಿಗಳೂ ಹೋಗುತ್ತವೆ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಮೀಪದ ಸಾಲ್ಕಣಿಯ ಜನ ಕಾಡಿಗೆ ಹೋಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಅಪ್ಪಿಕೊ ಚಳವಳಿ ಅಲ್ಲಿಂದ ಹಬ್ಬಿತು. ಆ ದಿನ ಕಾಡಿಗೆ ಒಬ್ಬ ಮಹಾಬಲಶಾಲಿ ಹಾರಿಬಂದು ಕೊಡಲಿಗಳನ್ನೆಲ್ಲ ಮುರಿದುಹಾಕಿದ್ದರೆ, ಅಪ್ಪಿಕೊಂಡವರ ಕೈಗಳಿಗೆ ಕೆಲಸವೇ ಇರುತ್ತಿರಲಿಲ್ಲ. ಗುತ್ತಿಗೆದಾರ ಮರುವಾರ ಹೊಸ ಕೊಡಲಿಗಳನ್ನು ತಂದಿರುತ್ತಿದ್ದ. ಆದ್ದರಿಂದ ನಿಮ್ಮ ನಾಯಕಿಯ ಶಕ್ತಿ ಸಮಸ್ಯೆಗಿಂತ ಚಿಕ್ಕದಾಗಿರಲಿ, ಅಥವಾ ಅದು ಬೇರೆಯೇ ಜಾತಿಯದ್ದಾಗಿರಲಿ. 2012ರ ದೆಹಲಿಯ ಅತ್ಯಾಚಾರ ಪ್ರಕರಣದ ಬಳಿಕ ರಾಮ್ ದೇವಿನೇನಿ ಮತ್ತು ಅವರ ತಂಡ 2014ರಲ್ಲಿ ಹೊರತಂದ ‘ಪ್ರಿಯಾಸ್ ಶಕ್ತಿ’ಯ ನಾಯಕಿಯನ್ನು ಗಮನಿಸಿ. ಅತ್ಯಾಚಾರಕ್ಕೊಳಗಾಗಿ ಮನೆಯವರಿಂದಲೇ ತಿರಸ್ಕೃತಳಾದ ಆಕೆ ಹುಲಿಯ ಮೇಲೆ ಕುಳಿತು ಊರಿಗೆ ಮರಳುತ್ತಾಳೆ, ಆದರೆ ಆ ಹುಲಿಯಿಂದ ಯಾರನ್ನೂ ಕಚ್ಚಿಸುವುದಿಲ್ಲ. ಬಾಯಿ ಮುಚ್ಚಿಕೊಂಡವರು ಮಾತಾಡುವಂತೆ ಮಾಡುವುದೇ ಆಕೆಯ ಶಕ್ತಿ. ಕಥೆಯಲ್ಲಿ ಉಪದೇಶ ತುಸು ಹೆಚ್ಚಾಯಿತೆಂದು ನಮಗೆ ಅನ್ನಿಸಿದ್ದರೂ ಈ ಒಂದು ಆಯ್ಕೆ ಬಹಳ ಸರಿಯಾದದ್ದು.

ಸೋಲನ್ನು ಬರೆಯಲು ಹೆದರಬೇಡಿ. ಕೈಗಾ ಅಣುವಿದ್ಯುತ್ ಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ನಿಮ್ಮ ಜಿಲ್ಲೆಯಿಂದಲೇ ಲೋಕಸಭೆಗೆ ಸ್ಪರ್ಧಿಸಿ ಸೋತರು. 2000ದಲ್ಲಿ ಸ್ಥಾವರ ವಾಣಿಜ್ಯ ಉತ್ಪಾದನೆಯನ್ನೂ ಆರಂಭಿಸಿತು. ಆದರೂ ಆ ಸ್ಪರ್ಧೆಯನ್ನು ಜಿಲ್ಲೆ ಮರೆತಿಲ್ಲ. ಗೆಲ್ಲಲೇಬೇಕೆಂಬ ಹಟವಿರುವ ಸೂಪರ್‌ಹೀರೋ ಪ್ರಕಾರದಲ್ಲಿ ಇಂಥದ್ದೊಂದು ಸೋಲನ್ನು ಘನತೆಯಿಂದ ತಂದರೆ ಅದೇ ಹೊಸತನವಾಗುತ್ತದೆ.

ಕೊನೆಯದಾಗಿ ಕಸುಬಿನ ಒಂದು ಮಾತು. ನೀವು ಕಳುಹಿಸಿದ ಮಾದರಿ ಪುಟದಲ್ಲಿ ನಾಯಕಿಯ ಅಜ್ಜಿ ಒಂದೇ ಚೌಕದಲ್ಲಿ ಪರಿಹಾರದ ಮೊತ್ತ, ನ್ಯಾಯಾಲಯದ ಅಲೆದಾಟ, ಸರ್ಕಾರದ ಧೋರಣೆ ಎಲ್ಲವನ್ನೂ ಹೇಳಿ ಮುಗಿಸುತ್ತಾರೆ. ಮಾತಿನ ಗುಳ್ಳೆಯಲ್ಲಿ ಅಷ್ಟು ಹಿಡಿಸುವುದಿಲ್ಲ, ಹಿಡಿಸಿದರೂ ಅಜ್ಜಿ ಹಾಗೆ ಮಾತಾಡುವುದಿಲ್ಲ. ಕಡತವನ್ನು ಹಿಡಿದುಕೊಂಡು ಕಚೇರಿಯ ಬೆಂಚಿನ ಮೇಲೆ ಕುಳಿತ ಅವರನ್ನು ಮೂರು ಚೌಕಗಳಲ್ಲಿ ಮಾತಿಲ್ಲದೆ ಚಿತ್ರಿಸಿ, ನಾಲ್ಕನೆಯದರಲ್ಲಿ ಅವರ ಮನೆಮಾತಾದ ಕೊಂಕಣಿಯಲ್ಲೇ ಒಂದು ಸಾಲು ಆಡಿಸಿ. ಕನ್ನಡದ ಓದುಗರಿಗೆ ಸಂದರ್ಭದಿಂದಲೇ ಅರ್ಥ ತಿಳಿಯುತ್ತದೆ.

ಪ್ರಶ್ನೆ: ಕುಮಟೆಯ ಗೃಹಿಣಿ ನಾನು. ಮಗನಿಗೆ ಹತ್ತು ವರ್ಷ. ರಾಜಕೀಯ, ಮಾದಕವಸ್ತು, ಹಿಂಸೆ ಇರುವ ಇಂಥ ಕಾಮಿಕ್ಸ್‌ಗಳನ್ನು ಎಳೆಯ ಮಕ್ಕಳಿಂದ ದೂರ ಇಡುವುದೇ ಒಳ್ಳೆಯದಲ್ಲವೇ?

ಉತ್ತರ: ಕೆಲವನ್ನು ಇಡಬೇಕು, ಎಲ್ಲವನ್ನೂ ಅಲ್ಲ. ಎಲ್ಲವನ್ನೂ ತೊಳೆದು ಶುದ್ಧ ಮಾಡುವ ಪ್ರಯತ್ನ ಅಮೆರಿಕದಲ್ಲಿ ಒಮ್ಮೆ ನಡೆದಿತ್ತು. ಮಕ್ಕಳು ಹಾದಿ ತಪ್ಪಲು ಕಾಮಿಕ್ಸ್ ಕಾರಣವೆಂದು ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಮಾಡಿದ ಆರೋಪಗಳು ಮತ್ತು ಸೆನೆಟ್ ಸಮಿತಿಯ ವಿಚಾರಣೆಯ ಬಿಸಿಗೆ ಪ್ರಕಾಶಕರು 1954ರಲ್ಲಿ ತಾವೇ ಒಂದು ಸಂಹಿತೆಯನ್ನು ರಚಿಸಿಕೊಂಡರು. ಅದರ ಮುದ್ರೆಯಿಲ್ಲದ ಪುಸ್ತಕವನ್ನು ವಿತರಕರು ಮುಟ್ಟುತ್ತಿರಲಿಲ್ಲ. ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳ ಬಗ್ಗೆ ಅಗೌರವ ಹುಟ್ಟುವಂತೆ ಬರೆಯಕೂಡದು ಎಂಬುದೂ ಅದರ ನಿಯಮಗಳಲ್ಲಿ ಒಂದಾಗಿತ್ತು. ಮಕ್ಕಳ ಹೆಸರಿನಲ್ಲಿ ಅಧಿಕಾರಸ್ಥರಿಗೆ ಸಿಕ್ಕ ರಕ್ಷಣೆ ಅದು. ಮಾದಕವಸ್ತುಗಳ ಅಪಾಯವನ್ನು ತಿಳಿಸಿರೆಂದು 1971ರಲ್ಲಿ ಸರ್ಕಾರದ ಆರೋಗ್ಯ ಇಲಾಖೆಯೇ ಕೇಳಿಕೊಂಡಾಗ, ಸ್ಟ್ಯಾನ್ ಲೀ ಅವರು ಬರೆದ ಸ್ಪೈಡರ್‌ಮ್ಯಾನ್‌ನ ಮೂರು ಸಂಚಿಕೆಗಳಿಗೆ ಇದೇ ಸಂಹಿತೆ ಮುದ್ರೆ ನಿರಾಕರಿಸಿತು. ಮುದ್ರೆಯಿಲ್ಲದೆಯೇ ಅವು ಹೊರಬಂದವು, ಅದೇ ವರ್ಷ ಸಂಹಿತೆಯನ್ನು ಸಡಿಲಿಸಲಾಯಿತು.

ನಿಮ್ಮ ಮಗನಿಗೆ ಈಗ ಹಳೆಯ ಸೂಪರ್‌ಮ್ಯಾನ್ ಕಥೆಗಳನ್ನು ಧೈರ್ಯವಾಗಿ ಕೊಡಬಹುದು. ಗಣಿ ಮಾಲೀಕನ ಪ್ರಸಂಗ ಹತ್ತು ವರ್ಷದ ಮಗುವಿಗೂ ಅರ್ಥವಾಗುತ್ತದೆ, ಅನ್ಯಾಯವೆಂದರೆ ಏನೆಂಬುದು ಶಾಲೆಯ ಆಟದ ಬಯಲಿನಲ್ಲೇ ಮಕ್ಕಳಿಗೆ ಗೊತ್ತಾಗಿರುತ್ತದೆ. ಸ್ಪೈಡರ್‌ಮ್ಯಾನ್‌ನ ಆ ಮೂರು ಸಂಚಿಕೆಗಳನ್ನು ಹೈಸ್ಕೂಲಿಗೆ ಬಂದ ಮೇಲೆ ಕೊಡಿ. ಅಲನ್ ಮೂರ್ ದೊಡ್ಡವರಿಗಾಗಿ ಬರೆದ ‘ವಾಚ್‌ಮೆನ್’ ಪುಸ್ತಕ ಯಾರಾದರೂ ಉಡುಗೊರೆಯಾಗಿ ತಂದುಕೊಟ್ಟರೆ ಮಾತ್ರ ಅದನ್ನು ಕಪಾಟಿನ ಮೇಲಿನ ಹಲಗೆಯಲ್ಲಿಟ್ಟು, ಅವನು ಕಾಲೇಜು ಸೇರುವವರೆಗೆ ನೀವೇ ಓದಿಕೊಳ್ಳಿ.